ಮೊದಲ ಕಾರು, ಹಳೆಯ ಕಾರು: ಫ್ರೀಮಾಂಟಿನ ಲೆಕ್ಕಾಚಾರ

‘ಮೈಲೇಜ್’ ಎಂಬ ಪದಕ್ಕೆ ಕರ್ನಾಟಕದಲ್ಲಿ ಒಂದು ಅರ್ಥವಿದ್ದರೆ ಅಮೆರಿಕದ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಇನ್ನೊಂದು ಅರ್ಥವಿದೆ. ಬೆಂಗಳೂರಿನಲ್ಲಿ ಅದು ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂಬುದನ್ನು ಸೂಚಿಸಿದರೆ, ಫ್ರೀಮಾಂಟಿನಲ್ಲಿ ಗಾಡಿ ರಸ್ತೆಗಿಳಿದ ದಿನದಿಂದ ಒಟ್ಟು ಎಷ್ಟು ಮೈಲಿ ಓಡಿದೆ ಎಂಬುದನ್ನು, ಅಂದರೆ ಓಡೋಮೀಟರಿನ ಅಂಕಿಯನ್ನು ಸೂಚಿಸುತ್ತದೆ. ಆದ್ದರಿಂದ ‘ಮೈಲೇಜ್ ಕಡಿಮೆ’ ಎಂಬ ಮಾತು ಅಲ್ಲಿ ದೂರು, ಇಲ್ಲಿ ಹೊಗಳಿಕೆ. ಊರಿನಿಂದ ಬಂದು ನೆಲೆಸಿದ ಕನ್ನಡ ಕುಟುಂಬವೊಂದು ಮನೆಯಲ್ಲಿ ಕಾರು ಕಲಿಯುವವರಿಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಹೊರಟಾಗ ಹೀಗೆ ಅರ್ಥ ಬದಲಾಗುವುದು ಈ ಒಂದು ಪದಕ್ಕೆ ಮಾತ್ರವಲ್ಲ. ಕಾಗದಪತ್ರ, ತೆರಿಗೆ, ವಿಮೆ, ಪರೀಕ್ಷೆ ಎಲ್ಲದರ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಫ್ರೀಮಾಂಟ್ ನಗರ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್‌ಟನ್, ಮಿಷನ್ ಸ್ಯಾನ್ ಹೊಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು 1956ರಲ್ಲಿ ಒಂದುಗೂಡಿ ಆದದ್ದು. ಆ ಊರುಗಳ ನಡುವಿನ ದೂರ ಇಂದಿಗೂ ಹಾಗೆಯೇ ಇರುವುದರಿಂದ, ಬಾರ್ಟ್ ರೈಲು ಇದ್ದರೂ ಶಾಲೆ, ಸಂಗೀತಪಾಠ, ತರಕಾರಿ ಎಲ್ಲಕ್ಕೂ ಕಾರೇ ಗತಿ. ಇಲ್ಲಿ ಕಲಿಯುವವರಲ್ಲಿ ಎರಡು ವರ್ಗದವರು ಎದ್ದು ಕಾಣುತ್ತಾರೆ: ಹದಿನೈದೂವರೆ ವರ್ಷ ತುಂಬುತ್ತಿದ್ದಂತೆ ಪರ್ಮಿಟ್, ಅಂದರೆ ನಮ್ಮ ಎಲ್‌ಎಲ್‌ನಂಥ ಕಲಿಕಾ ಪರವಾನಗಿ, ಪಡೆಯಲು ಕಾಯುವ ಮಕ್ಕಳು, ರಸ್ತೆಯ ಎಡಬದಿಗೆ ಒಗ್ಗಿಹೋದ ಕಣ್ಣನ್ನು ಬಲಬದಿಗೆ ತಿರುಗಿಸಿಕೊಳ್ಳಬೇಕಾದ ವಯಸ್ಕರು.

ಹದಿನೆಂಟು ತುಂಬದ ಮಕ್ಕಳು ಪರ್ಮಿಟ್ ಪಡೆದು ಕನಿಷ್ಠ ಆರು ತಿಂಗಳು ಕಳೆಯಬೇಕು, ಒಟ್ಟು 50 ಗಂಟೆ ಅಭ್ಯಾಸ ಮಾಡಬೇಕು, ಅದರಲ್ಲಿ 10 ಗಂಟೆ ರಾತ್ರಿಯದಾಗಿರಬೇಕು, ಪಕ್ಕದಲ್ಲಿ ಪರವಾನಗಿಯುಳ್ಳ 25 ತುಂಬಿದ ಹಿರಿಯರು ಕುಳಿತಿರಬೇಕು ಎಂದು ಕ್ಯಾಲಿಫೋರ್ನಿಯದ ನಿಯಮ ಹೇಳುತ್ತದೆ. ಡ್ರೈವಿಂಗ್ ಶಾಲೆಯವರು ಕಲಿಸಲೇಬೇಕಾದ ಅವಧಿ ಆರೇ ಗಂಟೆ. ಉಳಿದ ಕಲಿಕೆಯೆಲ್ಲ ನಡೆಯುವುದು ಮನೆಯ ಕಾರಿನಲ್ಲಿ, ಸಾಮಾನ್ಯವಾಗಿ ಬಿಡುವಿನ ದಿನ ಖಾಲಿಯಿರುವ ಯಾವುದಾದರೂ ಪಾರ್ಕಿಂಗ್ ಜಾಗದಲ್ಲಿ. ಕರ್ನಾಟಕದ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಇರುವ ಹೆಚ್ಚುವರಿ ಬ್ರೇಕು ಇಲ್ಲಿ ತಂದೆತಾಯಿಗೆ ಸಿಗುವುದಿಲ್ಲವಾದ್ದರಿಂದ, ಎರಡು ಸೀಟುಗಳ ನಡುವೆ ಕೈಗೆಟಕುವ ಹಳೆಯ ಬಗೆಯ ಹ್ಯಾಂಡ್ ಬ್ರೇಕ್ ಇರುವ ಗಾಡಿ, ಗುಂಡಿ ಒತ್ತುವ ಹೊಸ ಗಾಡಿಗಿಂತ ಪಕ್ಕದಲ್ಲಿ ಕುಳಿತವರ ಎದೆಬಡಿತಕ್ಕೆ ಹಿತ. ಇದು ಯಾವ ಕಾರಿನ ಜಾಹೀರಾತಿನಲ್ಲೂ ಕಾಣಸಿಗುವ ಗುಣವಲ್ಲ.

ಇಲ್ಲಿ ಪರೀಕ್ಷೆಗೂ ಕಲಿಯುವವರೇ ಕಾರು ತರಬೇಕು. ನಮ್ಮ ಆರ್‌ಟಿಒಗೆ ಸಮಾನವಾದ ಡಿಎಂವಿ ಕಚೇರಿಯ ಪರೀಕ್ಷಕರು ಅಭ್ಯರ್ಥಿಯ ಕೈಚಳಕ ನೋಡುವ ಮೊದಲು ಕಾರಿನ ನೋಂದಣಿ ಮತ್ತು ವಿಮೆಯ ಕಾಗದ ಕೇಳುತ್ತಾರೆ, ಹಾರ್ನ್, ಬ್ರೇಕ್ ದೀಪ, ತಿರುವಿನ ದೀಪ, ಕನ್ನಡಿ, ಟೈರುಗಳನ್ನು ಪರಿಶೀಲಿಸುತ್ತಾರೆ, ದೋಷ ಕಂಡರೆ ಪರೀಕ್ಷೆಯನ್ನೇ ಮುಂದೂಡುತ್ತಾರೆ. ಮೊದಲು ಪಾಸಾಗಬೇಕಾದದ್ದು ಕಾರು.

ಯಾವ ಕಾರು ಎಂಬ ಪ್ರಶ್ನೆಗೆ ಫ್ರೀಮಾಂಟಿನಲ್ಲಿ ಊರಿನ ಅಭಿಮಾನದ ಉತ್ತರವೊಂದು ಸಿದ್ಧವಾಗಿದೆ. ಇಂದು ಟೆಸ್ಲಾ ಕಾರುಗಳು ಹೊರಬರುವ ಕಾರ್ಖಾನೆಯಲ್ಲಿ 1984ರಿಂದ 2010ರವರೆಗೆ ಜನರಲ್ ಮೋಟರ್ಸ್ ಮತ್ತು ಟೊಯೋಟ ಕೂಡಿ ಸ್ಥಾಪಿಸಿದ ‘ನ್ಯೂಮಿ’ ಎಂಬ ಜಂಟಿ ಸಂಸ್ಥೆಯಿತ್ತು. ಕೊರೊಲಾ ಕಾರುಗಳು ಅಲ್ಲಿ ತಯಾರಾಗುತ್ತಿದ್ದವು. ಗಾಡಿಯ ಹದಿನೇಳು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಗೆ ವಿನ್ ಎಂದು ಹೆಸರು. ಮುಂದಿನ ಗಾಜಿನ ಮೂಲೆಯಲ್ಲಿ ಹೊರಗಿನಿಂದಲೇ ಅದನ್ನು ಓದಬಹುದು. ಹಳೆಯ ಕೊರೊಲಾದ ವಿನ್ ‘1ಎನ್‌ಎಕ್ಸ್’ ಎಂದು ಆರಂಭವಾದರೆ ಆ ಕಾರು ಹುಟ್ಟಿದ್ದು ಇದೇ ಊರಿನಲ್ಲಿ. ಬಿಡಿಭಾಗ ಅಗ್ಗ, ಯಾವ ಮೆಕ್ಯಾನಿಕ್‌ಗೂ ಪರಿಚಿತ, ನೋಡುವವರಿಗೆ ಮಾತ್ರ ನೀರಸ. ಕಲಿಯುವವರ ಕಾರಿಗೆ ನೀರಸತನ ಒಂದು ಅರ್ಹತೆಯೇ ಸರಿ.

ಆದರೆ ಅಭಿಮಾನಕ್ಕೆ ಇಲ್ಲೊಂದು ತೊಡಕಿದೆ. ಗಾಡಿ ಜಾರಿದಾಗ ಒಂದೊಂದು ಚಕ್ರದ ಬ್ರೇಕನ್ನೂ ಪ್ರತ್ಯೇಕವಾಗಿ ಹಿಡಿದು ದಾರಿಗೆ ತರುವ ‘ಸ್ಥಿರತಾ ನಿಯಂತ್ರಣ’ ಎಂಬ ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ನ್ಯೂಮಿ ಕಾಲದ ಕೊರೊಲಾಗಳೆಲ್ಲದರಲ್ಲೂ ಅದು ಇರಲಿಲ್ಲ. ಮೊದಲ ಮಳೆಗೆ ನುಣುಪಾಗುವ ನೈಲ್ಸ್ ಕಣಿವೆಯ ತಿರುವುಗಳಲ್ಲಿ ಹೊಸಬರ ಕೈ ತಡಬಡಿಸುವ ಕ್ಷಣಕ್ಕೆ ಈ ವ್ಯವಸ್ಥೆಯೇ ಆಸರೆ ಎಂಬುದನ್ನು ನೆನೆದರೆ, ಊರಿನ ಮಗಳಾದ 2005ರ ಕೊರೊಲಾಗಿಂತ ಬೇರೆ ಊರಿನ 2013ರ ಗಾಡಿಗೆ ತುಸು ಹೆಚ್ಚು ಕೊಡುವುದು ಲೇಸು. ವಿಮಾ ಕಂಪನಿಗಳ ನೆರವಿನಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಹದಿಹರೆಯದವರಿಗೆ ಹೊಂದುವ ಹಳೆಯ ಕಾರುಗಳ ಪಟ್ಟಿಯನ್ನು ಗ್ರಾಹಕ ಪತ್ರಿಕೆಯೊಂದರ ಜತೆ ಪ್ರಕಟಿಸುತ್ತ ಬಂದಿದ್ದು, ಬಹಳ ಪುಟ್ಟ ಕಾರುಗಳನ್ನೂ ಅತಿ ಶಕ್ತಿಯ ಎಂಜಿನ್ನುಗಳನ್ನೂ ಅದರಿಂದ ಹೊರಗಿಟ್ಟಿದೆ. ಇನ್ನು 2001ರಿಂದ 2003ರ ನಡುವಿನ ಕೆಲವು ಹೋಂಡಾ ಕಾರುಗಳಲ್ಲಿದ್ದ ತಕಾತ ಏರ್‌ಬ್ಯಾಗುಗಳು ಉಬ್ಬುವ ಬದಲು ಸಿಡಿಯುವ ಅಪಾಯವಿದ್ದು, ಅವನ್ನು ಉಚಿತವಾಗಿ ಬದಲಿಸಿಕೊಡಲಾಗುತ್ತದೆ. ವಿನ್ ಕೊಟ್ಟರೆ ಬಾಕಿ ಉಳಿದ ರಿಪೇರಿ ಯಾವುದೆಂದು ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಕಾಗದಗಳಲ್ಲಿ ಮುಖ್ಯವಾದದ್ದು ಟೈಟಲ್, ಅಂದರೆ ಒಡೆತನದ ಪತ್ರ. ಒಂದು ಕಾಲಕ್ಕೆ ಗುಲಾಬಿ ಬಣ್ಣದಲ್ಲಿದ್ದುದರಿಂದ ಜನ ಇದನ್ನು ‘ಪಿಂಕ್ ಸ್ಲಿಪ್’ ಎಂದೇ ಕರೆಯುತ್ತಾರೆ. ಅದರ ಮೇಲಿನ ಹೆಸರೂ ಮಾರುವವರ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ಅದರಲ್ಲಿ ‘ಸ್ಯಾಲ್ವೇಜ್’ ಎಂಬ ಮುದ್ರೆಯಿದ್ದರೆ, ಅಪಘಾತದಲ್ಲೋ ನೆರೆಯಲ್ಲೋ ಕೆಟ್ಟು, ರಿಪೇರಿಗೆ ಹಾಕುವ ಹಣಕ್ಕೆ ಬಾಳದು ಎಂದು ಕೈಬಿಟ್ಟ ಗಾಡಿಯನ್ನು ಮತ್ತೆ ಯಾರೋ ಎಬ್ಬಿಸಿ ನಿಲ್ಲಿಸಿದ್ದಾರೆ ಎಂದರ್ಥ. ಬೆಲೆ ಬಹಳ ಕಡಿಮೆಯೆನಿಸಿದಾಗ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ನಮ್ಮ ಎಮಿಷನ್ ಟೆಸ್ಟಿನಂಥ ‘ಸ್ಮಾಗ್ ಚೆಕ್’ ಮಾಡಿಸಿಕೊಡುವ ಹೊಣೆ ಕ್ಯಾಲಿಫೋರ್ನಿಯದಲ್ಲಿ ಮಾರುವವರದು, ಕೊಳ್ಳುವವರದಲ್ಲ. ಪ್ರಮಾಣಪತ್ರ 90 ದಿನಗಳೊಳಗಿನದಾಗಿರಬೇಕು. ‘ನೀವೇ ಮಾಡಿಸಿಕೊಳ್ಳಿ, ಇನ್ನೂರು ಡಾಲರ್ ಬಿಡುತ್ತೇನೆ’ ಎನ್ನುವವರಿಂದ ದೂರ ಉಳಿಯುವುದು ಒಳ್ಳೆಯದು. ಇದರ ಹಿಂದಿನ ಒಂದು ಕಳ್ಳಾಟವನ್ನು ವಿವರವಾಗಿಯೇ ತಿಳಿಯಬೇಕು. 1996ರಿಂದೀಚಿನ ಕಾರುಗಳ ಕಂಪ್ಯೂಟರು ದೋಷ ಕಂಡಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ದೀಪ ಹೊತ್ತಿಸುತ್ತದೆ; ಅಗ್ಗದ ಸ್ಕ್ಯಾನರೊಂದನ್ನು ಸಿಕ್ಕಿಸಿ ಆ ದೋಷದ ದಾಖಲೆಯನ್ನು ಅಳಿಸಿದರೆ ದೀಪ ಆರುತ್ತದೆ, ದೋಷ ಮಾತ್ರ ಉಳಿಯುತ್ತದೆ. ಆದರೆ ಅಳಿಸಿದೊಡನೆ ಕಂಪ್ಯೂಟರಿನ ಒಳಗಿನ ಸ್ವಯಂಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ, ಅವು ಮುಗಿಯಲು ಕೆಲವು ದಿನಗಳ ಓಡಾಟ ಬೇಕು, ಅಲ್ಲಿಯವರೆಗೆ ಸ್ಕ್ಯಾನರ್ ಅವನ್ನು ‘ಸಿದ್ಧವಿಲ್ಲ’ ಎಂದು ತೋರಿಸುತ್ತದೆ. ಕೊಳ್ಳುವವರೂ ಅಂಥದೇ ಒಂದು ಸ್ಕ್ಯಾನರ್ ಹಿಡಿದು ಹೋದರೆ, ಆರಿದ ದೀಪದ ಗುಟ್ಟು ಐದು ನಿಮಿಷದಲ್ಲಿ ಬಯಲಾಗುತ್ತದೆ. ಅದರ ಮೇಲೂ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಬಳಿ ಗಾಡಿಯನ್ನು ಮೇಲೆತ್ತಿಸಿ ಅಡಿಭಾಗ ನೋಡಿಸುವ ಖರ್ಚು ದಂಡವಲ್ಲ. ಅದಕ್ಕೆ ಒಪ್ಪದವರ ಗಾಡಿ ನೋಡುವುದೇ ದಂಡ.

ಮಾತಾಡಿ ಇಳಿಸಿದ ಬೆಲೆಯೂ ಕೊನೆಯ ಬೆಲೆಯಲ್ಲ. ಪರಿಚಯದವರಿಂದ ಕೊಂಡರೂ ಫ್ರೀಮಾಂಟಿನಲ್ಲಿ ಶೇಕಡಾ ಹತ್ತಕ್ಕಿಂತ ತುಸು ಹೆಚ್ಚಿನ ತೆರಿಗೆಯನ್ನು ಡಿಎಂವಿಗೆ ಕಟ್ಟಬೇಕು. ತಂದೆತಾಯಿ ಮಕ್ಕಳಿಗೆ ವರ್ಗಾಯಿಸಿದರೆ ವಿನಾಯಿತಿಯಿದೆ. ಕರ್ನಾಟಕದಂತೆ ಜೀವಿತಾವಧಿ ತೆರಿಗೆ ಇಲ್ಲಿಲ್ಲ, ನೋಂದಣಿ ಶುಲ್ಕ ವರ್ಷವರ್ಷವೂ ಬರುತ್ತದೆ. ವಿಮೆಯಲ್ಲಿ, ಮತದಾರರು 1988ರಲ್ಲಿ ಅಂಗೀಕರಿಸಿದ ಕಾನೂನಿನಂತೆ ಚಾಲಕರ ದಾಖಲೆ, ವರ್ಷಕ್ಕೆ ಓಡುವ ಮೈಲಿ, ಅನುಭವದ ವರ್ಷಗಳು ಎಂಬ ಮೂರಕ್ಕೆ ಪ್ರಾಶಸ್ತ್ಯ. ಹೊಸಬರಿಗೆ ಮೂರನೆಯದು ಸೊನ್ನೆಯಾದ್ದರಿಂದ ಕಂತು ದುಬಾರಿ. ಎದುರಿನವರ ನಷ್ಟ ತುಂಬಿಕೊಡುವ ಕಡ್ಡಾಯ ವಿಮೆಯ ಕನಿಷ್ಠ ಮಿತಿ 2025ರ ಜನವರಿಯಿಂದ ಒಬ್ಬರ ಗಾಯಕ್ಕೆ 30 ಸಾವಿರ, ಒಂದು ಅಪಘಾತದ ಎಲ್ಲ ಗಾಯಗಳಿಗೆ 60 ಸಾವಿರ, ಆಸ್ತಿಪಾಸ್ತಿಗೆ 15 ಸಾವಿರ ಡಾಲರ್ ಆಗಿದೆ. ದುಬಾರಿ ಕಾರುಗಳೇ ತುಂಬಿರುವ ಈ ಊರಿನಲ್ಲಿ ಸಿಗ್ನಲ್ ಬಳಿ ಹಿಂದಿನಿಂದ ಒಂದು ಹೊಸ ಟೆಸ್ಲಾಗೆ ತಗುಲಿಸಿದರೆ 15 ಸಾವಿರ ಏನೇನೂ ಸಾಲದು. ಹಾಗಾಗಿ ಹಳೆಯ ಗಾಡಿಯ ಸ್ವಂತ ಡ್ಯಾಮೇಜಿನ ವಿಮೆಯನ್ನು ಬೇಕಾದರೆ ಬಿಟ್ಟು, ಆ ಹಣವನ್ನು ಎದುರಿನವರ ಪರವಾದ ಮಿತಿ ಏರಿಸಲು ಬಳಸುವುದು ಜಾಣತನ.

ಇಂಥ ಕಾರು ಮನೆಯಲ್ಲಿ ಮೂರು-ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿಯುವುದು ಕಡಿಮೆ. ಮಗು ಕಾಲೇಜಿಗೆ ಹೋದ ಮೇಲೆ ಅದೇ ಕುಟುಂಬ ಮಾರುವವರ ಜಾಗದಲ್ಲಿ ನಿಲ್ಲುತ್ತದೆ. ಆಗ ಸ್ಮಾಗ್ ಚೆಕ್ ಅವರ ಪಾಲಿಗೆ ಬರುತ್ತದೆ. ನಂಬರ್ ಪ್ಲೇಟು ಗಾಡಿಯ ಜತೆಗೇ ಹೋಗುವುದರಿಂದ, ಮಾರಿದ ಐದು ದಿನಗಳೊಳಗೆ ‘ಹೊಣೆ ಬಿಡುಗಡೆ’ಯ ಅರ್ಜಿಯನ್ನು ಡಿಎಂವಿಗೆ ಕಳುಹಿಸಬೇಕು, ಮರೆತರೆ, ಇನ್ಯಾರೋ ಓಡಿಸಿಕೊಂಡು ಹೋದ ಡಂಬಾರ್ಟನ್ ಸೇತುವೆಯ ಟೋಲ್ ಬಿಲ್ಲು ಹಳೆಯ ಮಾಲೀಕರ ಅಂಚೆಪೆಟ್ಟಿಗೆಗೇ ಬಂದು ಬೀಳುತ್ತದೆ.