ತಾಯಿಗಾಗಿ ನಾಲ್ಕು ಬರಹದ ಕಲ್ಲು

ಇಟಲಿಯ ಪಲೆರ್ಮೊ ನಗರದಲ್ಲಿ 'ಝೀಸಾ' ಎಂಬ ಹಳೆಯ ಅರಮನೆಯಿದೆ. ಅರಬಿಯ 'ಅಲ್ ಅಝೀಝ' ಜನರ ಬಾಯಲ್ಲಿ ಹೀಗಾಯಿತು. ಸಹೋದರಿಯರೇ, ಅಲ್ಲಿಗೆ ಹೋದರೆ ಆನ್ನಾ ಎಂಬ ಕ್ರೈಸ್ತ ತಾಯಿಯ ಗೋರಿಕಲ್ಲನ್ನು ನೋಡದೆ ಬರಬೇಡಿ.

ಆಕೆ ತೀರಿಕೊಂಡದ್ದು 1148ರಲ್ಲಿ. ದೊರೆ ರೋಜರನ ಪಾದ್ರಿಯಾಗಿದ್ದ ಮಗ ಮರುವರ್ಷ ದೇಹವನ್ನು ಬೇರೊಂದು ಇಗರ್ಜಿಗೆ ತಂದು ಈ ಕಲ್ಲು ಇಡಿಸಿದ. ಲ್ಯಾಟಿನ್, ಗ್ರೀಕ್, ಅರಬಿ ಬರಹಗಳಿವೆ. ಹೀಬ್ರೂ ಲಿಪಿಯಲ್ಲಿ ಕೊರೆದ ಅರಬಿಯೂ ಇದೆ. ಅರಬಿ ಬರಹದಲ್ಲಿ ಹಿಜರಿ ವರ್ಷವೇ ಇದೆ! ಮುಸ್ಲಿಮರ ಆಳ್ವಿಕೆ ಮುಗಿದು ಆಗಲೇ 70 ವರ್ಷ ದಾಟಿತ್ತು. ನೆರೆಹೊರೆಯವರೆಲ್ಲ ಓದಲೆಂದು ಮಗ ಬಯಸಿರಬೇಕು.

ಮುಂದಿನ ಶತಮಾನದಲ್ಲಿ ರೋಜರನ ಮೊಮ್ಮಗ ಎರಡನೇ ಫ್ರೆಡರಿಕ್, ಸಿಸಿಲಿಯ ಮುಸ್ಲಿಮರನ್ನು ಲುಚೇರಾ ಪಟ್ಟಣಕ್ಕೆ ಸಾಗಿಸಿದ. 1300ರಲ್ಲಿ ಆ ನೆಲೆಯೂ ನಾಶವಾಗಿ, ಬಹುತೇಕರು ಗುಲಾಮರಾಗಿ ಮಾರಾಟವಾದರು.