ಉಪ್ಪಲಿ ಬುರುಜಿನ ಮೇಲಿಂದ ಎಷ್ಟು ದೂರ ಕೇಳಿಸೀತು?



ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನು ನೋಡದೆ ಬರುವುದಿಲ್ಲ. ಉಪ್ಪಲಿ ಬುರುಜನ್ನು ಮಾತ್ರ ಹಲವರು ಮರೆಯುತ್ತಾರೆ. ಸುಮಾರು 24 ಮೀಟರ್ ಎತ್ತರದ, ಹೊರಗಿನಿಂದಲೇ ಮೆಟ್ಟಿಲು ಸುತ್ತಿಕೊಂಡ ಈ ಬುರುಜನ್ನು ಆದಿಲಶಾಹಿ ಕಾಲದಲ್ಲಿ ಶತ್ರುಗಳ ಮೇಲೆ ಕಣ್ಣಿಡಲು ಕಟ್ಟಿದರು. ಎತ್ತರಕ್ಕೆ ಏರಿದಷ್ಟೂ ದೂರ ಕಾಣಿಸುತ್ತದೆ ಎಂಬುದು ಅಂದಿನ ಕಾವಲುಗಾರನಿಗೆ ಗೊತ್ತಿತ್ತು. ರೇಡಿಯೋ ಕೇಳುವ ಹವ್ಯಾಸಕ್ಕೂ ಇದೇ ಮೊದಲ ಪಾಠ.

ನಮ್ಮ ಮನೆಯ ರೇಡಿಯೋದಲ್ಲಿ ತಿರುಪು ತಿರುಗಿಸಿ ಕೇಂದ್ರವನ್ನು ಹುಡುಕುತ್ತೇವೆ. ಸ್ಕ್ಯಾನರ್ ಎಂಬ ಗ್ರಾಹಕ ಯಂತ್ರ ಆ ಕೆಲಸವನ್ನು ತಾನೇ ಮಾಡುತ್ತದೆ. ಒಂದು ಕಂಪನಾಂಕದಿಂದ ಮುಂದಿನದಕ್ಕೆ ಕ್ಷಣಾರ್ಧದಲ್ಲಿ ಜಿಗಿಯುತ್ತಾ ಹೋಗಿ, ಎಲ್ಲಾದರೂ ಪ್ರಸಾರ ಸಿಕ್ಕಿದರೆ ಅಲ್ಲಿ ನಿಲ್ಲುತ್ತದೆ. ಅದು ಮುಗಿದೊಡನೆ ಮತ್ತೆ ಮುಂದಕ್ಕೆ ಸಾಗುತ್ತದೆ. ತಮಾಷೆಯೆಂದರೆ, ಇಂದು ಪ್ರಪಂಚದಾದ್ಯಂತ ವಿದ್ಯಾರ್ಥಿಗಳು ಈ ಕೆಲಸಕ್ಕೆ ಬಳಸುವ ಅಗ್ಗದ ಸಾಧನ ಮೂಲತಃ ದೂರದರ್ಶನಕ್ಕಾಗಿ ತಯಾರಾದದ್ದು. ಗಣಕಯಂತ್ರಕ್ಕೆ ಚುಚ್ಚಿ ಡಿಜಿಟಲ್ ಟೀವಿ ನೋಡಲು ಮಾಡಿದ ಬೆರಳುದ್ದದ ಒಂದು ತುಂಡು, ತಕ್ಕ ತಂತ್ರಾಂಶವಿದ್ದರೆ ನೂರಾರು ಮೆಗಾಹರ್ಟ್ಸ್ ವ್ಯಾಪ್ತಿಯ ರೇಡಿಯೋ ಗ್ರಾಹಕವಾಗಬಲ್ಲದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳ ನಡುವೆ ಹಬ್ಬಿತು.

ಈಗ ಬುರುಜಿನ ಲೆಕ್ಕಕ್ಕೆ ಬರೋಣ. ಎಫ್.ಎಂ. ಮತ್ತು ಅದಕ್ಕಿಂತ ಮೇಲಿನ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4ರಿಂದ ಗುಣಿಸಿದರೆ ಅಲೆ ತಲಪುವ ದೂರ ಸುಮಾರಾಗಿ ಕಿಲೋಮೀಟರಿನಲ್ಲಿ ಸಿಗುತ್ತದೆ. 24ರ ವರ್ಗಮೂಲ ಹತ್ತಿರ ಹತ್ತಿರ 5. ಅಂದರೆ ಬುರುಜಿನ ತುದಿಯಿಂದ ಸುಮಾರು 20 ಕಿಲೋಮೀಟರು; ಪಶ್ಚಿಮಕ್ಕೆ ತಿಕೋಟಾ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಬಬಲೇಶ್ವರ ಇನ್ನೂ ಸ್ವಲ್ಪ ದೂರ. ಆದರೆ ಕೇಳುವವರು ನೆಲದ ಮೇಲೆಯೇ ಕುಳಿತಿರಬೇಕಿಲ್ಲವಲ್ಲ! 6 ಮೀಟರ್ ಎತ್ತರದ ಮಾಳಿಗೆ ಹತ್ತಿ ಆಂಟೆನಾ ಹಿಡಿದರೆ ಮತ್ತೆ 10 ಕಿಲೋಮೀಟರು ಕೂಡುತ್ತದೆ. ಒಟ್ಟು 30ರೊಳಗೆ ಬಬಲೇಶ್ವರವೂ ಬಂತು. ಎರೆಹೊಲಗಳ ಈ ಬಯಲುಸೀಮೆಯಲ್ಲಿ ದೊಡ್ಡ ಬೆಟ್ಟಗಳ ಅಡ್ಡಿ ಕಡಿಮೆ. ಮಲೆನಾಡಿನ ಕಣಿವೆಯಲ್ಲಿರುವ ಗೆಳೆಯನಿಗೆ ಈ ಸೌಭಾಗ್ಯವಿಲ್ಲ. ಇದೇ ಲೆಕ್ಕದಲ್ಲಿ 10,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದ ಅಲೆ 400 ಕಿಲೋಮೀಟರು ಮುಟ್ಟುತ್ತದೆ. ವರ್ಗಮೂಲ ಯಾವ ಕೆಲಸಕ್ಕೆ ಬರುತ್ತದೆಂದು ತರಗತಿಯಲ್ಲಿ ಕೇಳಿದವರು ಇದನ್ನೊಮ್ಮೆ ಮಾಡಿ ನೋಡಬೇಕು.

ಆಕಾಶವಾಣಿಯ ವಿಜಯಪುರ ಕೇಂದ್ರ 101.8 ಮೆಗಾಹರ್ಟ್ಸ್‌ನಲ್ಲಿದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ತಿಕೋಟಾದ ದಾರಿಯಲ್ಲಿ, ಬಬಲೇಶ್ವರದ ದಾರಿಯಲ್ಲಿ, ಹಳ್ಳದ ತಗ್ಗಿನಲ್ಲಿ, ದಿಬ್ಬದ ಮೇಲೆ ಅದು ಹೇಗೆ ಕೇಳಿಸುತ್ತದೆಂದು ಗುರುತು ಹಾಕಿಕೊಂಡರೆ ನಿಮ್ಮ ಸೀಮೆಯ ಏರಿಳಿತಗಳ ನಕ್ಷೆಯೇ ಸಿದ್ಧವಾಗುತ್ತದೆ. ಚಳಿಗಾಲದ ನಿಶ್ಚಲ ಮುಂಜಾವಿನಲ್ಲಿ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಪದರ ಕಟ್ಟಿದಾಗ ಅಲೆಗಳು ಬಾಗಿ, ಲೆಕ್ಕ ಮೀರಿದ ದೂರದ ಎಫ್.ಎಂ. ಕೇಂದ್ರಗಳೂ ಕೆಲವೊಮ್ಮೆ ಸಿಗುತ್ತವೆ. ಮಧ್ಯಮ ತರಂಗದ ಕಥೆಯೇ ಬೇರೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರವನ್ನು ದಶಕಗಳ ಕಾಲ ನಮ್ಮ ಹಿರಿಯರು ದೂರದ ಹಳ್ಳಿಗಳಲ್ಲಿ ಕೇಳಿದ್ದು ನೆಲವನ್ನು ಹಿಡಿದು ಸಾಗುವ ಈ ಅಲೆಗಳಿಂದ. ರಾತ್ರಿಯಾದರೆ ಇವು ಅಯಾನುಗೋಲಕ್ಕೆ ತಾಗಿ ಹಿಂದಿರುಗಿ ಇನ್ನೂ ದೂರ ಹೋಗುತ್ತವೆ.

ಇಷ್ಟು ಓದಿದ ಮೇಲೆ ನಿಮ್ಮ ಮನಸ್ಸು ಎಲ್ಲಿಗೆ ಓಡುತ್ತದೆಂದು ಊಹಿಸಬಹುದು. ‘ಪೊಲೀಸರ ಮಾತು ಕೇಳಿಸುತ್ತದೆಯೇ?’ ಇಲ್ಲಿ ಸ್ವಲ್ಪ ನಿಲ್ಲಬೇಕು. ಆಕಾಶವಾಣಿ ಎಲ್ಲರಿಗಾಗಿ ನುಡಿಯುತ್ತದೆ. ಪೊಲೀಸು, ಅಗ್ನಿಶಾಮಕ ದಳ, ವಿಮಾನ ನಿಲ್ದಾಣಗಳು ನುಡಿಯುವುದು ತಮ್ಮವರಿಗಾಗಿ. ಅಪಘಾತದಲ್ಲಿ ಗಾಯಗೊಂಡವರ ಹೆಸರು ಮನೆಯವರಿಗೆ ತಿಳಿಯುವ ಮೊದಲೇ ಓಣಿಯಲ್ಲಿ ಹರಡಿದರೆ ಏನಾದೀತು, ಯೋಚಿಸಿ. ಸಾರ್ವಜನಿಕರಿಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಕದ್ದು ಕೇಳಬಾರದು, ಕೇಳಿಸಿದ್ದನ್ನು ಹೊರಗೆಡಹಬಾರದು ಎಂಬುದು ಅಂತಾರಾಷ್ಟ್ರೀಯ ರೇಡಿಯೋ ನಿಯಮಾವಳಿಯಲ್ಲೇ ಇದೆ. ನಮ್ಮ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಕಾನೂನುಬಾಹಿರವಾಗಿ ಸಂದೇಶವನ್ನು ನಡುವೆ ಹಿಡಿದರೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬೇರೆ ದೇಶದಲ್ಲಿ ಮಾಡುತ್ತಾರೆಂದು ಇಲ್ಲಿ ಮಾಡಲಾಗದು. ಒಂದು ಕಾಲದಲ್ಲಿ ಸಾಮಾನ್ಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕ ಪಡೆಯಬೇಕಿತ್ತು. ನಿಮ್ಮ ಅಜ್ಜನನ್ನು ಕೇಳಿ ನೋಡಿ. ಆ ಕಟ್ಟಳೆ 1980ರ ದಶಕದಲ್ಲಿ ಹೋಯಿತು. ಆದರೆ ಸ್ಕ್ಯಾನರ್ ಅಥವಾ ವಾಕಿ-ಟಾಕಿ ಕೊಳ್ಳುವ ಮುನ್ನ ಅದಕ್ಕೆ ಅನುಮತಿ ಬೇಕೇ ಎಂದು ವಿಚಾರಿಸುವುದು ಇಂದಿಗೂ ಅಗತ್ಯ.

ಹಾಗಾದರೆ ಮುಕ್ತವಾಗಿ ಕೇಳಲು, ಮುಂದೆ ಮಾತನಾಡಲೂ ದಾರಿ ಯಾವುದು? ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್. ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನು ಇವರಿಗೆ ಬಿಟ್ಟುಕೊಡಲಾಗಿದೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಪ್ರಸಾರವೂ ಇದೇ ಪಟ್ಟಿಯಲ್ಲಿ, 145.800 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. 400 ಕಿಲೋಮೀಟರು ಮೇಲಿರುವ ನಿಲ್ದಾಣ ಒಮ್ಮೆ ಹಾದುಹೋಗುವಾಗ ನಿಮಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅದು ಸಮೀಪಿಸುವಾಗ ಕಂಪನಾಂಕ 3 ಕಿಲೋಹರ್ಟ್ಸ್‌ಗೂ ಮಿಕ್ಕಿ ಏರಿರುತ್ತದೆ, ದೂರ ಸರಿಯುವಾಗ ಅಷ್ಟೇ ಇಳಿಯುತ್ತದೆ. ರೈಲಿನ ಸಿಳ್ಳಿನಲ್ಲಿ ಗುರುತಿಸುವ ಡಾಪ್ಲರ್ ಪರಿಣಾಮವೇ ಇದು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಡನೆ ಮಾತನಾಡಿದ್ದು ಹ್ಯಾಮ್ ರೇಡಿಯೋ ಮೂಲಕವೇ.

ಇದು ಬರೀ ಆಟವೂ ಅಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹವ್ಯಾಸದ ಕಾರ್ಯಕ್ರಮಕ್ಕೆಂದು ಒಯ್ದಿದ್ದ ಅದೇ ಉಪಕರಣ ದ್ವೀಪದ ಸುದ್ದಿಯನ್ನು ಹೊರಕ್ಕೆ ಮುಟ್ಟಿಸಿತು.

ಹ್ಯಾಮ್ ಪರವಾನಗಿಗೆ 12 ವರ್ಷ ತುಂಬಿರಬೇಕು. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಯಲ್ಲಿ ವಿದ್ಯುನ್ಮಾನದ ಮೂಲ ಪಾಠಗಳು ಹಾಗೂ ನಿಯಮಾವಳಿ ಇರುತ್ತವೆ. ಮೊದಲ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಾಗಿಲ್ಲ. ಅಲ್ಲಿಯವರೆಗೆ ಒಂದು ನೋಟುಪುಸ್ತಕ ಸಾಕು. ದಿನಾಂಕ, ವೇಳೆ, ಕಂಪನಾಂಕ, ನೀವಿದ್ದ ಜಾಗ, ಹವೆ, ಧ್ವನಿಯ ಸ್ಪಷ್ಟತೆ ಇವನ್ನು ಬರೆದಿಡಿ. ದೂರದ ಆಕಾಶವಾಣಿ ಕೇಂದ್ರವೊಂದು ಸಿಕ್ಕಿದರೆ ಕೇಳಿದ ಕಾರ್ಯಕ್ರಮದ ವಿವರ ಸೇರಿಸಿ ಆಕಾಶವಾಣಿಗೆ ಪತ್ರ ಹಾಕಿ. ವಿವರ ಸರಿಯಿದ್ದರೆ ದೃಢೀಕರಣದ ಕಾರ್ಡು ಬರುವುದುಂಟು. ಹ್ಯಾಮ್ ಮತ್ತು ಶ್ರೋತೃಗಳ ವಲಯದಲ್ಲಿ ಅದನ್ನು ಕ್ಯು.ಎಸ್.ಎಲ್. ಕಾರ್ಡು ಎನ್ನುತ್ತಾರೆ.