ಕೋವಿಯ ಬಾಯಿಯೂ ಸಿಪಾಯಿಯ ಕಿವಿಯೂ

1884ರಲ್ಲಿ ಸ್ವಯಂಚಾಲಿತ ಮೆಷಿನ್‌ಗನ್ನನ್ನು ನಿರ್ಮಿಸಿ ಯುದ್ಧರೀತಿಯನ್ನೇ ಪಲ್ಲಟಗೊಳಿಸಿದ ಹೈರಮ್ ಮ್ಯಾಕ್ಸಿಮನು ಆ ಯಂತ್ರಗಳ ಆರ್ಭಟಕ್ಕೆ ತನ್ನ ಕಿವಿಗಳನ್ನೇ ತೆತ್ತನು. ಆತನ ಮಗನಾದ ಹೈರಮ್ ಪರ್ಸಿ ಮ್ಯಾಕ್ಸಿಮನು 1909ರಲ್ಲಿ ಕೋವಿಯ ಸೈಲೆನ್ಸರಿಗೆ ಅಮೆರಿಕದಲ್ಲಿ ಪೇಟೆಂಟು ಪಡೆದನು. ಆದರೆ ತಂದೆಯೆಬ್ಬಿಸಿದ ಸದ್ದನ್ನಡಗಿಸುವ ಮಗನ ಸಾಧನವು ಸಾಮಾನ್ಯ ಕಾಲಾಳಿನ ಕೈಸೇರಲು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಬೇಕಾಯಿತು. ಅಮೆರಿಕದ ಮರೀನ್ ದಳವು 2020ರಲ್ಲಿ ಅದನ್ನು ಸಾವಿರಗಟ್ಟಲೆ ಹಂಚತೊಡಗಿತು. 2022ರಲ್ಲಿ ಅಲ್ಲಿಯ ಭೂಸೇನೆಯು ಸಿಗ್ ಸಾಯರ್ ಕಂಪನಿಯಿಂದ ಆರಿಸಿಕೊಂಡ 6.8 ಮಿಲಿಮೀಟರಿನ ರೈಫಲಿಗೆ ಸೈಲೆನ್ಸರು ಹುಟ್ಟಿನಿಂದಲೇ ಸಂಗಾತಿಯಾಗಿದೆ.

ಇದರ ಹೆಸರನ್ನು ಕೇಳಿ, ಗುಟ್ಟಾಗಿ ಕೊಲ್ಲುವವನ ಆಯುಧವೆಂದು ಭಾವಿಸುವವರುಂಟು. ಅದು ಪೂರ್ಣ ಸತ್ಯವಲ್ಲ. ರೈಫಲಿನ ಸಿಡಿತವು 160 ಡೆಸಿಬೆಲ್‌ಗಳ ಆಸುಪಾಸಿನಲ್ಲಿರುತ್ತದೆ. 140ನ್ನು ಮೀರಿದ ಒಂದೇ ಪೆಟ್ಟು ಕಿವಿಗೆ ಶಾಶ್ವತವಾದ ಹಾನಿಯನ್ನುಂಟುಮಾಡಬಲ್ಲುದು. ಸೈಲೆನ್ಸರು ಇದರಲ್ಲಿ ಇಪ್ಪತ್ತರಿಂದ ಮೂವತ್ತೈದರಷ್ಟನ್ನು ತಗ್ಗಿಸುತ್ತದೆ. ಆಜ್ಞೆಯು ಕೇಳಿಸುವುದು, ಪಕ್ಕದವನ ಕೂಗು ಕೇಳಿಸುವುದು, ನಿವೃತ್ತಿಯ ನಂತರ ಮೊಮ್ಮಗುವಿನ ತೊದಲು ಕೇಳಿಸುವುದು, ಇವೆಲ್ಲವೂ ಈ ಉಕ್ಕಿನ ಕೊಳವೆಯನ್ನು ಅವಲಂಬಿಸಿವೆ.

ಆದರೆ ಸಾಧನವನ್ನು ಕೊಂಡ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಕೋವಿಯ ನಳಿಗೆಯ ಸುತ್ತ ಸಿಪಾಯಿಯ ಕೈಯನ್ನು ಶಾಖದಿಂದ ಕಾಯುವ ಹ್ಯಾಂಡ್‌ಗಾರ್ಡ್ ಎಂಬ ಕೈಗಾಪಿರುತ್ತದೆ. ಹಿಡಿತಕ್ಕೂ ಉಪಕರಣಗಳನ್ನು ಕೂಡಿಸುವುದಕ್ಕೂ ಅನುಕೂಲವೆಂದು ಇತ್ತೀಚೆಗೆ ಅದನ್ನು ನಳಿಗೆಯ ಬಾಯಿಯವರೆಗೂ ನೀಳವಾಗಿಸುತ್ತಾರೆ. ಇಲ್ಲಿಯೇ ತೊಡಕು. ಅಮೆರಿಕದ ವಿಶೇಷ ದಳಗಳ ಮಾರ್ಕ್ 18 ಕೋವಿಯ ನಳಿಗೆ 10.3 ಅಂಗುಲ, ಅದರ ಕೈಗಾಪು 9.55 ಅಂಗುಲ. ಮುಕ್ಕಾಲು ಅಂಗುಲವು ಹೊರಗುಳಿಯಿತೆಂದು ಕಾಗದದ ಲೆಕ್ಕವು ಹೇಳುತ್ತದೆ. ಆದರೆ ನಳಿಗೆಯನ್ನು ಅಳೆಯುವುದು ಮುಚ್ಚಿದ ಬೋಲ್ಟಿನ ಮುಖದಿಂದ; ಅದರ ಬುಡದ ಭಾಗವು ಕೋವಿಯ ಒಡಲಲ್ಲಿಯೇ ಅಡಗಿರುತ್ತದೆ. ಕೈಗೆ ಸಿಗುವ ಸಂದು ಲೆಕ್ಕಕ್ಕಿಂತ ಬಹಳ ಕಿರಿದು.

ಅನೇಕ ಸೈಲೆನ್ಸರುಗಳು ಸುಮಾರು ಒಂದೂವರೆ ಅಂಗುಲ ದಪ್ಪವಿರುತ್ತವೆ. ಕೈಗಾಪಿನ ಒಳಸುತ್ತು ಅದಕ್ಕಿಂತ ಕಿರಿದಾಗಿದ್ದರೆ ಸೈಲೆನ್ಸರಿನ ಬುಡವು ತನ್ನ ನೆಲೆಗೆ ಕೂಡುವುದೇ ಇಲ್ಲ. ಬಿಗಿಯಾಗಿ ತೂರಿಕೊಂಡರೂ ಸುಖವಿಲ್ಲ: ಎಡೆಬಿಡದೆ ಹಾರಿಸಿದಾಗ ನೂರಾರು ಡಿಗ್ರಿಗಳಿಗೇರುವ ಶಾಖವು ಗಾಳಿಯಾಡದೆ ಕೈಗಾಪಿಗೆ ಹತ್ತುತ್ತದೆ, ಸಿಪಾಯಿಯು ಕೈಗಾಪನ್ನು ಗೋಡೆಗೋ ಮರಕ್ಕೋ ಒತ್ತಿದಾಗ ಅದು ಬಾಗಿ ಸೈಲೆನ್ಸರಿಗೆ ತಗಲಿ ಗುರಿಯು ತಪ್ಪುತ್ತದೆ. ಧಕ್ಕೆಯನ್ನು ತಗ್ಗಿಸಲು ಪಕ್ಕದ ಕಂಡಿಗಳಿಂದ ಹೊಗೆಯುಗುಳುವ ಬ್ರೇಕನ್ನು ಕೈಗಾಪಿನೊಳಗೆ ಹುದುಗಿಸಿದರಂತೂ ಆ ಸಿಡಿತವು ಕೈಗಾಪನ್ನೇ ಬಡಿಯುವುದು. ಒರಳನ್ನು ನೋಡದೆ ಒನಕೆಯನ್ನು ಕಡೆದರೆ ಕುಟ್ಟುವವಳ ಕೈ ನೋಯದಿದ್ದೀತೆ?

ಆದಕಾರಣ ಬಲ್ಲವರ ಕ್ರಮವೇ ಬೇರೆ. ಅವರು ಮೊದಲು ಸೈಲೆನ್ಸರನ್ನು ನಿಶ್ಚಯಿಸುವರು. ಅದಕ್ಕೊಪ್ಪುವ ಬಾಯಿಯ ಸಾಧನವನ್ನು ಅನಂತರ ಆರಿಸುವರು. ಅದು ನಳಿಗೆಯ ಮೇಲೆ ಎಷ್ಟು ಹಿಂದಕ್ಕೆ ಬರುವುದೆಂದು ಅಳೆದು, ಕೈಗಾಪಿನ ಉದ್ದವನ್ನು ಕಟ್ಟಕಡೆಗೆ ಗೊತ್ತುಮಾಡುವರು. ಬಿಸಿಯಾದ ಉಕ್ಕು ಹಿಗ್ಗುವುದಕ್ಕೂ ಕಳಚುವ ಕೈಗೂ ಎಡೆಯನ್ನು ಬಿಡುವರು.

ಈ ವಿಷಯವು ನಮಗೆ ದೂರದ್ದಲ್ಲ. ಭಾರತವು 2019ರಲ್ಲಿ ಅದೇ ಸಿಗ್ ಸಾಯರ್ ಕಂಪನಿಯಿಂದ 72,400 ರೈಫಲುಗಳಿಗೆ ಒಪ್ಪಂದವನ್ನು ಮಾಡಿಕೊಂಡಿತು; ಅಮೇಠಿಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಎಕೆ-203 ಕೋವಿಗಳನ್ನು ತಯಾರಿಸುವ ಕರಾರು 2021ರಲ್ಲಾಯಿತು. ಕೋವಿಯು ಸ್ವದೇಶದಲ್ಲಿ ಸಿದ್ಧವಾಗುವುದು ಸಂತೋಷದ ಸಂಗತಿಯೇ ಸರಿ. ಆದರೆ ಕೋವಿಯನ್ನು ಒಬ್ಬರಿಂದಲೂ ಕೈಗಾಪನ್ನು ಮತ್ತೊಬ್ಬರಿಂದಲೂ ಸೈಲೆನ್ಸರನ್ನು ಮೂರನೆಯವರಿಂದಲೂ ಬೇರೆಬೇರೆ ಟೆಂಡರುಗಳಲ್ಲಿ ತರಿಸಿ, ಹೊಂದಿಸುವ ಹೊಣೆಯನ್ನು ಗಡಿಯ ಸಿಪಾಯಿಯ ತಲೆಗೆ ಕಟ್ಟುವುದು ಸ್ವಾವಲಂಬನವೆನಿಸಲಾರದು. ಬಿಡಿಭಾಗಗಳನ್ನು ಮಾಡಬಲ್ಲ ದೇಶಗಳು ಅನೇಕ. ಇಡಿಯನ್ನು ಅಳೆದು ಕೂಡಿಸಬಲ್ಲವು ಕೆಲವೇ. ನಮ್ಮ ದೇಶವು ಆ ಕೆಲವರ ಸಾಲಿನಲ್ಲಿ ನಿಲ್ಲಬೇಕು. ಕಾಲಂಗುಲದ ಉಪೇಕ್ಷೆಗೆ ತನ್ನ ಅಂಗೈಯನ್ನೂ ಕಿವಿಯನ್ನೂ ತೆರುವವನು ಕಚೇರಿಯಲ್ಲಿ ಕುಳಿತವನಲ್ಲ, ಕೋವಿ ಹಿಡಿದು ನಿಂತವನು.